ಎಪಾಕ್ಸಿ ಪ್ರೈಮರ್ ಹೊಡೆದು 19 ದಿನ ಆಯ್ತು, ಉಜ್ಜದೆ ಮೇಲೆ ಬಣ್ಣ ಹೊಡೆದ್ರೆ ನಿಲ್ತದಾ?

ನಾಪೋಕ್ಲು ಜೀಪು, ಅಕ್ಟೋಬರ್ 9, ರಾತ್ರಿ 9:40

ಗೊತ್ತಿದ್ದವರು ಒಂದು ದಾರಿ ಹೇಳಿ. ಕತೆ ಸ್ವಲ್ಪ ಉದ್ದ ಉಂಟು.

ಅಪ್ಪನ 1989ರ ಮಹೀಂದ್ರ 540 ಜೀಪು. ಮೂರು ಮಳೆಗಾಲ ಶೆಡ್ಡಿನಲ್ಲೇ ನಿಂತು ನೆಲದ ತಗಡು ಜರಡಿ ಆಗಿತ್ತು, ಡ್ರೈವರ್ ಸೀಟಿನ ಕೆಳಗೆ ರಸ್ತೆ ಕಾಣ್ತಿತ್ತು. ಬೇಸಿಗೆಯಲ್ಲಿ ಟಿಂಕರ್ ಹತ್ರ ಬಿಟ್ಟು ನೆಲ, ಎರಡೂ ಕಡೆಯ ಫುಟ್‌ಬೋರ್ಡು, ಹಿಂದಿನ ಮಡ್‌ಗಾರ್ಡು ಎಲ್ಲ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಬಣ್ಣ ಮಾತ್ರ ನಾನೇ ಹೊಡೀತೇನೆ ಅಂತ ಹಠ. ಪ್ರತಿ ವರ್ಷ ತೋಟಕ್ಕೆ ಬೋರ್ಡೋ ಔಷಧಿ ಹೊಡೆದು ಅಭ್ಯಾಸ ಇರುವವನಿಗೆ ಪೇಂಟ್ ಗನ್ ಎಂಥ ಮಹಾ ಅಂದುಕೊಂಡಿದ್ದೆ.

ಸೆಪ್ಟೆಂಬರ್ 20ಕ್ಕೆ ಬರೀ ತಗಡನ್ನು 80ರ ಉಜ್ಜುವ ಪೇಪರ್‌ನಲ್ಲಿ ಉಜ್ಜಿ, ಒರೆಸಿ, ಬೂದಿ ಬಣ್ಣದ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಎರಡು ಕೋಟ್ ಹೊಡೆದೆ. ನಾಲ್ಕಕ್ಕೆ ಒಂದರ ಲೆಕ್ಕದಲ್ಲಿ ಗಟ್ಟಿ ಮಾಡುವ ಹಾರ್ಡ್‌ನರ್, ಗೆರೆ ಇರುವ ಮಗ್ಗಿನಲ್ಲೇ ಅಳೆದದ್ದು, ಅದರಲ್ಲಿ ತಪ್ಪಿಲ್ಲ. ಹೊರಗೆ ಜಿಟಿಜಿಟಿ ಮಳೆ. ಮಣ್ಣಿನ ನೆಲ, ತಗಡಿನ ಮಾಡು. ಮಾರನೇ ದಿನ ಮುಟ್ಟಿದ್ರೆ ಕೈಗೆ ಅಂಟ್ತಿರಲಿಲ್ಲ. ಅದರ ಮಾರನೇ ದಿನವೇ ಮೇಲಿನ ಬಣ್ಣ ಹೊಡೆಯುವ ಅಂತ ಇದ್ದೆ. ನಾಲ್ಕು ದಿನ ಕರೆಂಟ್ ಹೋಯ್ತು. ಬಂದ ಮೇಲೆ ಮನೆಯಲ್ಲಿ ಒಂದು ತಿಥಿ, ಆಮೇಲೆ ನೆಂಟರು, ಹೀಗೇ 19 ದಿನ.

ಈಗ ಡಬ್ಬಿ ಓದಿದ್ರೆ, 25 ಡಿಗ್ರಿಯಲ್ಲಿ 72 ಗಂಟೆಯ ಒಳಗೆ ಆದರೆ ಉಜ್ಜದೆ ಮೇಲೆ ಹೊಡೀಬಹುದು, ಮೀರಿದ್ರೆ ಉಜ್ಜಬೇಕು ಅಂತ ಬರೆದಿದೆ. ಪೇಂಟ್ ಅಂಗಡಿಯವರು ಹೇಳ್ತಾರೆ, ಎಪಾಕ್ಸಿ ಅಲ್ವಾ, ಎಷ್ಟು ದಿನ ಬಿಟ್ರೂ ಏನಾಗಲ್ಲ, ಹೊಡೀರಿ ಅಂತ. ಟಿಂಕರ್ ಹೇಳ್ತಾರೆ, ಎಲ್ಲ ಕೆರೆದು ತಗಡಿನಿಂದ ಶುರು ಮಾಡ್ಬೇಕು ಅಂತ. ಇಬ್ಬರಲ್ಲಿ ಯಾರ ಮಾತು ಕೇಳೋದು?

ಇನ್ನೊಂದು. ಬಾನೆಟ್ ಮೇಲೆ ಕೈ ಆಡಿಸಿದ್ರೆ ಜಿಡ್ಡು ಜಿಡ್ಡು. ಸೋಪು ಹಚ್ಚಿ ಸರಿಯಾಗಿ ತೊಳೆಯದ ಕೈ ಹೇಗಿರ್ತದೆ, ಹಾಗೆ. ತಿನ್ನರ್ ಬಟ್ಟೆಯಲ್ಲಿ ಒರೆಸಿದೆ, ಹೋದ ಹಾಗೆ ಕಂಡಿತು, ಆರಿದ ಮೇಲೆ ಮತ್ತೆ ಅದೇ.

ಬಲಗಡೆ ಎರಡು ಕಡೆ ಸಣ್ಣ ತಗ್ಗು ಉಂಟು, ಪುಟ್ಟಿ ಎಪಾಕ್ಸಿ ಮೇಲೆ ಹಾಕೋದಾ, ಅಲ್ಲಿ ಮಾತ್ರ ತಗಡಿನವರೆಗೆ ಕೆರೆದು ಹಾಕೋದಾ? ಮೇಲಿನ ಬಣ್ಣ ಪಿಯು (ಪಾಲಿಯುರಿಥೇನ್), ಆಲಿವ್ ಹಸಿರು, ತಂದಿಟ್ಟಾಗಿದೆ.

17ಕ್ಕೆ ಕಾವೇರಿ ಸಂಕ್ರಮಣ. ಅಪ್ಪನಿಗೆ ಆ ಜೀಪಿನಲ್ಲೇ ತಲಕಾವೇರಿಗೆ ಹೋಗಬೇಕು. ಎಂಟು ದಿನದಲ್ಲಿ ಮುಗೀತದಾ?


ವಿರಾಜಪೇಟೆ ಹಳೇ ಗಾಡಿ, ಅಕ್ಟೋಬರ್ 9, ರಾತ್ರಿ 10:15

ಹೊಡೀರಿ ಮಾರಾಯ್ರೆ, ಏನೂ ಆಗೋದಿಲ್ಲ. ನನ್ನ ಜೀಪಿನ ಚಾಸಿಗೆ ಎಪಾಕ್ಸಿ ಹೊಡೆದು ಆರು ತಿಂಗಳು ಬಿಟ್ಟು ಮೇಲೆ ಕಪ್ಪು ಬಣ್ಣ ಹೊಡೆದೆ. ಉಜ್ಜಲೂ ಇಲ್ಲ, ಗಿಜ್ಜಲೂ ಇಲ್ಲ. ಎರಡು ವರ್ಷ ಆಯ್ತು, ಹಾಗೇ ಉಂಟು.


ಕುಶಾಲನಗರ ಪೇಂಟರ್, ಅಕ್ಟೋಬರ್ 10, ಬೆಳಿಗ್ಗೆ 6:20

ನಾಪೋಕ್ಲು ಅಣ್ಣ, ಬಣ್ಣದ ಡಬ್ಬಿ ಮುಚ್ಚಿಡಿ. ಮೊದಲು ಆ ಜಿಡ್ಡಿನ ವಿಷಯ ಮಾತಾಡೋಣ. 72 ಗಂಟೆ, 19 ದಿನ ಎಲ್ಲ ಆಮೇಲೆ.

ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪ್ರೈಮರ್ ಹೊಡೆದ ರಾತ್ರಿ ಶೆಡ್ಡಲ್ಲಿ ಬೆಂಕಿ ಏನಾದ್ರೂ ಇಟ್ಟಿದ್ರಾ? ಅಗ್ಗಿಷ್ಟಿಕೆ, ಕೆಂಡ, ಗ್ಯಾಸ್ ಒಲೆ, ಯಾವುದಾದ್ರೂ? ಮಡಿಕೇರಿ ಕಡೆಯಿಂದ ಬರೋ ಹತ್ತು ಜಿಡ್ಡು ಬಾನೆಟ್ಟಲ್ಲಿ ಐದಾರಕ್ಕೆ ಇದೇ ಕಾರಣ, ಅದಕ್ಕೇ ಕೇಳಿದೆ.

ಎಪಾಕ್ಸಿಯ ಹಾರ್ಡ್‌ನರ್ ಅಮೀನ್ ಅನ್ನೋ ರಾಸಾಯನಿಕದ ಜಾತಿಯದು. ಥಂಡಿ ಇದ್ದು ಗಾಳಿಯಲ್ಲಿ ತೇವ ಇದ್ರೆ ರಾಳದ ಜೊತೆ ಸೇರೋ ಮೊದಲೇ ಅದರಲ್ಲಿ ಸ್ವಲ್ಪ ಮೇಲಕ್ಕೆ ತೇಲಿ ಬಂದು, ಗಾಳಿಯ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಜೊತೆ ಕೂಡಿ ಒಂದು ಪೊರೆ ಕಟ್ಟುತ್ತೆ. ಅದೇ ನಿಮ್ಮ ಸೋಪಿನ ಜಿಡ್ಡು. ಕೆಂಡ ಇಟ್ರೆ ಶೆಡ್ಡು ಬೆಚ್ಚಗಾಗುತ್ತೆ ನಿಜ, ಆದ್ರೆ ಉರಿಯೋದ್ರಿಂದ ಬರೋದೂ ಅದೇ ಎರಡು, ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್. ಔಷಧಿ ಅಂದ್ಕೊಂಡು ರೋಗಾನೇ ತಂದಿಟ್ಟ ಹಾಗೆ.

ಈ ಪೊರೆ ತಿನ್ನರ್‌ಗೆ ಜಗ್ಗೋದಿಲ್ಲ, ಆಚೀಚೆ ಸಾರಿಸಿಕೊಳ್ಳುತ್ತೆ ಅಷ್ಟೆ, ನೀವೇ ನೋಡಿದ್ದೀರಿ. ಪೇಪರ್ ಹಿಡಿದು ಉಜ್ಜಿದ್ರೆ ಇನ್ನೂ ಮೋಸ, ಗೀರಿನೊಳಗೆ ತುಂಬ್ಕೊಂಡು ಕೂರುತ್ತೆ. ಇದಕ್ಕೆ ನೀರೇ ಮದ್ದು. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ದ್ರವ ಬಕೆಟ್ಟಿಗೆ ನಾಲ್ಕು ಹನಿ, ಮೆರೂನ್ ಬಣ್ಣದ ಸ್ಕ್ರಬ್ ಪ್ಯಾಡು. ಒಂದು ಸಲಕ್ಕೆ ಎರಡಡಿ ಜಾಗ. ತೊಳೀತಾ ಇರುವಾಗ ಬೆರಳು ಜಾರುತ್ತಲ್ಲ, ಆ ಜಾರಿಕೆ ಹೋಗಿ ಬೆರಳು ಕಚ್ಚಿಕೊಂಡು ಕಿರ್ ಅನ್ನಬೇಕು. ಆಮೇಲೆ ಎರಡು ಸಲ ಬರೀ ನೀರು. ಎಪಾಕ್ಸಿ ರೆಡ್ ಆಕ್ಸೈಡ್ ಪ್ರೈಮರ್ ಥರ ನೀರು ಕುಡಿಯಲ್ಲ, ಹೆದರಬೇಡಿ. ತಗಡು ಕಾಣಿಸ್ತಿರೋ ಅಂಚಿದ್ರೆ ಮಾತ್ರ ತಕ್ಷಣ ಒಣಗಿಸಿ, ನಿಮ್ಮೂರಿನ ಹವೆಗೆ ಅರ್ಧ ಗಂಟೆಯಲ್ಲಿ ಕೆಂಪು ತುಕ್ಕು ಏಳುತ್ತೆ.

ಇಷ್ಟಾದ ಮೇಲೆ ಒಳಗೆ ಗಟ್ಟಿಯಾಗಿದೆಯಾ ನೋಡಿ. ಕಣ್ಣಿಗೆ ಕಾಣದ ಜಾಗದಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಹೆಬ್ಬೆರಳಿನ ಉಗುರು ಒತ್ತಿ. ಗುರುತು ಕೂರಬಾರದು. ಒಂದು ಬಿಳಿ ಬಟ್ಟೆಗೆ ತಿನ್ನರ್ ಹಾಕಿ ಇಪ್ಪತ್ತು ಸಲ ತಿಕ್ಕಿ, ಬೂದಿ ಬಣ್ಣ ಬಟ್ಟೆಗೆ ಸಾಕಷ್ಟು ಹತ್ತಿದ್ರೆ ಅಥವಾ ಮೇಲ್ಮೈ ಮೆತ್ತಗಾದ್ರೆ ಇನ್ನೂ ಹಸಿ. 320ರ ಪೇಪರ್‌ನಲ್ಲಿ ಒಣದಾಗಿ ಉಜ್ಜಿದ್ರೆ ಹಿಟ್ಟಿನ ಥರ ಉದುರಬೇಕು. ಪೇಪರ್‌ಗೆ ಉಂಡೆ ಉಂಡೆ ಅಂಟಿದ್ರೆ ಬಿಟ್ಟುಬಿಡಿ, ಒಂದು ವಾರ ಬಿಸಿಲು ಬೀಳೋ ಕಡೆ ನಿಲ್ಲಿಸಿ.

ಈಗ 72 ಗಂಟೆ. ಮನೆ ಕಟ್ಟೋವಾಗ ಕಾಂಕ್ರೀಟ್ ಕಂಬಕ್ಕೆ ಗಾರೆ ಹಾಕೋ ಮೊದಲು ಮೇಸ್ತ್ರಿ ಉಳಿ ಹಿಡಿದು ಕಚ್ಚು ಹೊಡೆಸ್ತಾನಲ್ಲ, ಯಾಕೆ? ಕಂಬ ಸೆಟ್ ಆಗಿಬಿಟ್ಟಿದೆ, ಗಾರೆ ಹಿಡಿಯೋಕೆ ಏನೂ ಇಲ್ಲ. ಗೋಡೆಯ ಮೊದಲ ಗಾರೆ ಹಸಿಯಾಗಿರುವಾಗಲೇ ಎರಡನೇದು ಎಳೆದ್ರೆ ಎರಡೂ ಒಂದಾಗುತ್ತೆ. ಎಪಾಕ್ಸಿಯೂ ಹಾಗೇ. ಡಬ್ಬಿ ಹೇಳಿದ ಗಡುವಿನೊಳಗೆ ಅದು ಇನ್ನೂ ಪೂರ್ತಿ ಬಲಿತಿರಲ್ಲ, ಮೇಲಿನ ಬಣ್ಣದ ಜೊತೆ ಬೆಸುಗೆ ಆಗುತ್ತೆ. ಬಲಿತ ಮೇಲೆ ಕಚ್ಚು ಹೊಡೀಬೇಕು, ಅಂದ್ರೆ ಉಜ್ಜಬೇಕು. ಅಷ್ಟೇ ವ್ಯತ್ಯಾಸ. ಗಡುವು ಮೀರಿದ್ರೆ ಪ್ರೈಮರ್ ಹಾಳಾಗಲ್ಲ, ನಿಮ್ಮ ತೋಳಿಗೆ ಕೆಲಸ ಜಾಸ್ತಿ, ಅಷ್ಟೆ. ಅದಕ್ಕೇ ನಿಮ್ಮ ಟಿಂಕರ್ ಹೇಳಿದ ಹಾಗೆ ಕೆರೆಯೋದು ಬೇಡ. ಎಪಾಕ್ಸಿ ತಗಡನ್ನೇ ಬಿಟ್ಟಿದ್ರೆ ಮಾತ್ರ ಕೆರೆಯೋದು.

ಗಡುವು ಒಂದೊಂದು ಕಂಪನಿದು ಒಂದೊಂದು ಥರ. 24 ಗಂಟೆಯದೂ ಇದೆ, ಏಳು ದಿನದ್ದೂ ಇದೆ. ಅಂಗಡಿಯವರ ಬಾಯಿ ಮಾತು ಬಿಟ್ಟು ನಿಮ್ಮ ಡಬ್ಬಿಯದ್ದನ್ನೇ ಹಿಡೀರಿ. ಇನ್ನು 25 ಡಿಗ್ರಿ ಅನ್ನೋದನ್ನ ಜನ ಓದೋದೇ ಇಲ್ಲ. ಬಿಸಿ ಹತ್ತು ಡಿಗ್ರಿ ಇಳಿದ್ರೆ ಗಟ್ಟಿಯಾಗೋಕೆ ಹೆಚ್ಚುಕಮ್ಮಿ ಎರಡರಷ್ಟು ಹೊತ್ತು ಬೇಕು, 10 ಡಿಗ್ರಿಗಿಂತ ಕೆಳಗೆ ಕೆಲಸ ನಿಂತೇ ಹೋಗುತ್ತೆ ಅನ್ನಿ. ಹಾಗಂತ 72ನ್ನು 144 ಮಾಡ್ಕೊಂಡು ಲೆಕ್ಕ ಹಾಕೋರೂ ಇದ್ದಾರೆ. ಹಾಗೆ ಮಾಡಬೇಡಿ, ಅಷ್ಟು ದಿನದಲ್ಲಿ ಮೇಲೆ ಜಿಡ್ಡು, ಧೂಳು, ಒಲೆ ಹೊಗೆ ಎಲ್ಲ ಕೂತಿರುತ್ತೆ. ನಾನಂತೂ ಒಂದು ರಾತ್ರಿಗಿಂತ ಜಾಸ್ತಿ ಆದ್ರೆ ಗಡುವು ಇರಲಿ ಬಿಡಲಿ ಪ್ಯಾಡ್ ಆಡಿಸ್ತೀನಿ. ಉಜ್ಜಿದ್ದಕ್ಕೆ ಬಣ್ಣ ಕಿತ್ತು ಬಂದಿದ್ದು ನಾನು ನೋಡಿಲ್ಲ.

ವಿರಾಜಪೇಟೆಯವರೆ, ಚಾಸಿ ಬೇರೆ, ಬಾನೆಟ್ ಬೇರೆ. ಚಾಸಿಯ ಬಣ್ಣಾನ ಬಗ್ಗಿ ನೋಡೋರು ಯಾರು?


ನಾಪೋಕ್ಲು ಜೀಪು, ಅಕ್ಟೋಬರ್ 10, ಮಧ್ಯಾಹ್ನ 1:05

ಅಣ್ಣಾ, ನಿಮಗೆ ಹೇಗೆ ಗೊತ್ತಾಯ್ತು? ಇಟ್ಟಿದ್ದೆ. ಹಳೇ ಕಬ್ಬಿಣದ ಬಾಂಡ್ಲಿಯಲ್ಲಿ ಕಾಫಿ ಬೊಡ್ಡೆಯ ಕೆಂಡ, ರಾತ್ರಿ ಪೂರ್ತಿ, ಬಾನೆಟ್ಟಿನಿಂದ ಆರಡಿ ದೂರ. ಬೇಗ ಒಣಗಲಿ ಅಂತ.

ಈಗಷ್ಟೇ ಬಾನೆಟ್ಟಿನ ಒಂದು ಮೂಲೆ ತೊಳೆದು ಬಂದೆ. ನೀವು ಹೇಳಿದ ಕಿರ್ ಶಬ್ದ ಬಂತು! ಮೊದಲ ನೀರು ತೆಳು ಹಾಲಿನ ಹಾಗೆ ಬೆಳ್ಳಗೆ ಇಳೀತು. ಬಾಂಡ್ಲಿ ಇದ್ದ ಬಲಗಡೆಯಲ್ಲೇ ಜಿಡ್ಡು ಜಾಸ್ತಿ. ಹಿಂದಿನ ಬಾಗಿಲಿನಲ್ಲಿ ಇಲ್ಲವೇ ಇಲ್ಲ. ಉಗುರಿನ ಗುರುತು ಕೂರಲಿಲ್ಲ, ತಿನ್ನರ್ ಬಟ್ಟೆಗೆ ಚೂರೇ ಚೂರು ಬೂದಿ ಹತ್ತಿತು.

ಪುಟ್ಟಿಯ ವಿಷಯ? ಮತ್ತೆ 17?


ಪೊನ್ನಂಪೇಟೆ ನರ್ಸರಿ, ಅಕ್ಟೋಬರ್ 10, ಸಂಜೆ 4:30

ಎಲ್ಲರೂ ಗಡುವು ಮೀರಿದ್ದರ ಬಗ್ಗೆ ಹೇಳ್ತಿದ್ದೀರಿ, ನಾನು ಅವಸರದ ಕತೆ ಹೇಳ್ತೇನೆ.

ನಮ್ಮದು ಕಾಫಿ, ಮೆಣಸಿನ ಗಿಡದ ನರ್ಸರಿ. ಗಿಡ ಸಾಗಿಸುವ ಪಿಕಪ್ಪಿನ ಹಿಂದೆ ಸಾಮಾನು ಹೇರುವ ಡಾಲಾ ಪೂರ್ತಿ ತುಕ್ಕು. ಹೋದ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಮುಗಿಸಿಬಿಡುವ ಅಂತ ನಾನೇ ನಿಂತು ಮಾಡಿಸಿದೆ. ಬೆಳಿಗ್ಗೆ ಎಪಾಕ್ಸಿ ಎರಡು ಕೋಟ್, ಮಧ್ಯೆ ಬಿಡುವೇ ಕೊಡದೆ, ದಪ್ಪಕ್ಕೆ. ಮುಕ್ಕಾಲು ಗಂಟೆ ಆಗಿರ್ಲಿಕ್ಕಿಲ್ಲ, ಮೋಡ ಕಟ್ಟಿತು. ಹುಡುಗ ಕೇಳಿದ, ಅಕ್ಕಾ ಹೊಡೆದುಬಿಡ್ಲಾ? ಹೊಡಿ ಅಂದೆ. ಉಳಿದಿದ್ದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ, ಧಾರಾಳ ತಿನ್ನರ್ ಹಾಕಿ ನೀರು ಮಾಡಿದ್ದು.

ಐದು ನಿಮಿಷದಲ್ಲಿ ಬಿಸಿ ಹಾಲಿನ ಮೇಲೆ ಊದಿದಾಗ ಕೆನೆ ನೆರಿಗೆ ಕಟ್ತದಲ್ಲ, ಹಾಗೆ ಆಯ್ತು. ನಮ್ಮ ಕಣ್ಣೆದುರಿಗೇ. ಬಲಗಡೆಯ ಹಲಗೆ ಪೂರ್ತಿ ಮುದುರಿಕೊಂಡಿತು. ಎಡಗಡೆ ಚೆನ್ನಾಗಿಯೇ ಕೂತಿತು ಅಂತ ಖುಷಿಪಟ್ಟೆ. ಜೂನ್ ಹೊತ್ತಿಗೆ ಎಡಗಡೆಯಲ್ಲೂ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು, ಹೊಳಪು ಸತ್ತು ಹೋಗಿತ್ತು. ಪೂರ್ತಿ ಕೆರೆಸಿ ಮತ್ತೆ ಮಾಡಿಸಿದ ಖರ್ಚಿನಲ್ಲಿ ಎರಡು ಸಾವಿರ ಗಿಡದ ತೊಟ್ಟೆ ಕಟ್ಟಿಸಬಹುದಿತ್ತು.

ಹಾಗಾಗಿ ತಮ್ಮಾ, 17 ಅಂತ ತಲೆಯಲ್ಲಿ ಇಟ್ಟುಕೊಂಡು ಗನ್ ಹಿಡಿಯಬೇಡ. ಪ್ರೈಮರ್ ಗಟ್ಟಿ ಇದ್ದರೆ ಹಾಗೇ ಓಡಿಸಿಕೊಂಡು ಹೋಗಬಹುದಲ್ಲ? ಪೇಂಟರ್ ಅಣ್ಣ ಹೇಳಲಿ.


ಕುಶಾಲನಗರ ಪೇಂಟರ್, ಅಕ್ಟೋಬರ್ 10, ರಾತ್ರಿ 8:50

ಅಕ್ಕ ಹೇಳಿದ್ದು ಸರಿ. ಕೆಳಗಿನ ತಿನ್ನರ್ ಹಾರಿ ಹೋಗೋ ಮೊದಲೇ ಮೇಲೆ ಮುಚ್ಚಿದ್ರೆ ಅದು ದಾರಿ ಹುಡುಕ್ಕೊಂಡು ಬಂದೇ ಬರುತ್ತೆ, ಇವತ್ತಲ್ಲ ಅಂದ್ರೆ ತಿಂಗಳ ಮೇಲೆ. ಎನ್‌ಸಿ ತಿನ್ನರ್ ಖಾರ ಜಾಸ್ತಿ, ಹಸಿ ಎಪಾಕ್ಸಿಯನ್ನ ಎಬ್ಬಿಸಿಬಿಡುತ್ತೆ.

ಬಾಂಡ್ಲಿ ವಿಷಯಕ್ಕೆ ಇನ್ನೊಂದು ಮಾತು ಹೇಳದೆ ಬಿಡಲ್ಲ. ಜಿಡ್ಡು ಹೋಗಲಿ, ತೊಳೆದ್ರೆ ಆಯ್ತು. ಪ್ರೈಮರ್ ಹೊಡೆದ ಮುಚ್ಚಿದ ಶೆಡ್ಡಲ್ಲಿ ತಿನ್ನರ್ ಆವಿ ನೆಲಕ್ಕೆ ಇಳಿದು ಕೂತಿರುತ್ತೆ, ಅಲ್ಲಿ ನೀವು ಕೆಂಡ ಇಟ್ರಿ. ಜೀಪು, ಶೆಡ್ಡು ಎರಡೂ ಉಳಿದಿದ್ದು ನಿಮ್ಮ ಅಪ್ಪನ ಪುಣ್ಯ. ಇನ್ನು ಮೇಲೆ ಬೇಡ. ಬಿಸಿ ಬೇಕಿದ್ರೆ ಹೊಡೆಯೋ ಮೊದಲೇ ಹ್ಯಾಲೋಜನ್ ದೀಪ ಇಟ್ಟು ತಗಡನ್ನ ಹಿಂದಿನಿಂದ ಬೆಚ್ಚಗೆ ಮಾಡ್ಕೊಳ್ಳಿ, ಗನ್ ಹಿಡಿಯುವಾಗ ಆರಿಸಿ ಆಚೆ ಇಡಿ.

17ಕ್ಕೆ ಪ್ರೈಮರ್‌ನಲ್ಲೇ ಹೋಗಿ ಬನ್ನಿ. ಎಪಾಕ್ಸಿ ಬಿಸಿಲಿಗೆ ತಿಂಗಳುಗಟ್ಟಲೆ ನಿಂತ್ರೆ ಸೀಮೆಸುಣ್ಣದ ಥರ ಪುಡಿ ಬಿಡುತ್ತೆ, ಅದು ಮೇಲಿನ ಬಣ್ಣ ಅಲ್ಲ. ಆದ್ರೆ ನಾಲ್ಕು ದಿನದ ಓಡಾಟಕ್ಕೆ, ಮಳೆಗೆ ಏನೂ ಆಗಲ್ಲ. ಬಂದ ಮೇಲೆ ಮತ್ತೊಮ್ಮೆ ತೊಳೀಬೇಕು ಅಷ್ಟೆ.

ಪುಟ್ಟಿ ಎಪಾಕ್ಸಿ ಮೇಲೇನೇ ಹಾಕಿ, ಅದೇ ಒಳ್ಳೇದು. ಪುಟ್ಟಿಯೊಳಗಿರೋದು ಟಾಲ್ಕ್ ಪುಡಿ, ತೇವ ಹೀರುತ್ತೆ. ಬರೀ ತಗಡಿನ ಮೇಲೆ ಹಾಕಿದ್ರೆ ಹೀರಿದ ತೇವ ನೇರ ತಗಡಿಗೆ ಹೋಗಿ ಒಳಗಿಂದ ತುಕ್ಕು. ಕೆಳಗೆ ಎಪಾಕ್ಸಿ ಇದ್ರೆ ಅಡ್ಡ ನಿಲ್ಲುತ್ತೆ. ತಗ್ಗಿನ ಸುತ್ತ ಒಂದು ಅಂಗೈ ಅಗಲ 180ರ ಪೇಪರ್‌ನಲ್ಲಿ ಒರಟಾಗಿ ಉಜ್ಜಿ, ಧೂಳು ತೆಗೆದು ಮೆತ್ತಿ. ಪುಟ್ಟಿ ಹಾರ್ಡ್‌ನರ್ ನೂರಕ್ಕೆ ಎರಡರ ಲೆಕ್ಕ. ಥಂಡಿ ಅಂತ ಟ್ಯೂಬ್ ಹಿಂಡಬೇಡಿ, ಮಿಕ್ಕಿದ ಪೆರಾಕ್ಸೈಡ್ ಆಮೇಲೆ ಮೇಲಿನ ಬಣ್ಣದಲ್ಲಿ ಕಲೆಯಾಗಿ ಕಾಣಿಸುತ್ತೆ. ಎಪಾಕ್ಸಿ ಹಾರ್ಡ್‌ನರ್ ಅಂತೂ ಇನ್ನೂ ಕಟ್ಟುನಿಟ್ಟು. ಅದು ಚಿಟಿಕೆ ಉಪ್ಪಿನ ಲೆಕ್ಕ ಅಲ್ಲ, ರಾಳದ ಜೊತೆ ಜೋಡಿ ಲೆಕ್ಕ. ಜೋಡಿ ಸಿಗದೆ ಉಳಿದದ್ದು ಜಿಡ್ಡಾಗೇ ಉಳಿಯುತ್ತೆ. ಪುಟ್ಟಿಯನ್ನ ಒಣದಾಗೇ ಉಜ್ಜಿ, ವಾಟರ್ ಪೇಪರ್ ಮುಟ್ಟಿಸಬೇಡಿ. ಒಂದು ಸಲ ನೀರು ಕುಡಿದ ಪುಟ್ಟಿ ನಿಮ್ಮ ನಾಪೋಕ್ಲಲ್ಲಿ ಒಣಗೋದು ಮುಂದಿನ ಹೂಮಳೆಗೆ.

ಎಲ್ಲ ಆದ ಮೇಲೆ ಗಾಡಿ ಪೂರ್ತಿ 320. ಮಟ್ಟಸ ಜಾಗ ಯಾರು ಬೇಕಾದ್ರೂ ಉಜ್ಜುತ್ತಾರೆ. 540ರಲ್ಲಿ ಕಷ್ಟ ಇರೋದು ಬಾನೆಟ್ ಹಿಂಜಿನ ಸುತ್ತ, ಗ್ರಿಲ್ ಸೀಳುಗಳ ಒಳ ಅಂಚು, ಮಡ್‌ಗಾರ್ಡು ಬಾಡಿಗೆ ಸೇರೋ ಸಂದಿ. ಪೇಪರ್ ಹೋಗದ ಕಡೆ ಪ್ಯಾಡ್ ಮಡಚಿ ತುರುಕಿ. ಮುಗೀತು ಅಂದ ಮೇಲೆ ಟಾರ್ಚನ್ನ ಅಡ್ಡ ಹಿಡಿದು ನೋಡಿ. ಎಲ್ಲಾದ್ರೂ ಮಿಣ ಮಿಣ ಹೊಳೆದ್ರೆ ಬಣ್ಣ ಏಳೋದು ಅಲ್ಲಿಂದಲೇ. ಆಮೇಲೆ ಗ್ರೀಸ್ ತೆಗೆಯೋ ದ್ರವ, ಎರಡು ಬಟ್ಟೆ. ಒಂದರಲ್ಲಿ ಹಚ್ಚೋದು, ಅದು ಆರೋ ಮೊದಲು ಇನ್ನೊಂದರಲ್ಲಿ ಎತ್ತೋದು. ಆರೋಕೆ ಬಿಟ್ರೆ ಕೊಳೆ ಇದ್ದಲ್ಲೇ ಕೂತ್ಕೊಳ್ಳುತ್ತೆ.

ಉಜ್ಜುವಾಗ ಅಂಚುಗಳಲ್ಲಿ ತಗಡು ಕಂಡೇ ಕಾಣುತ್ತೆ, ಪುಟ್ಟಿಯೂ ಬರಿದಾಗಿರುತ್ತೆ. ಅದಕ್ಕೆ ನಾನಾದ್ರೆ ಉಳಿದ ಎಪಾಕ್ಸಿಯನ್ನೇ ಡಬ್ಬಿಯ ಹಾಳೆ ಒಪ್ಪುವಷ್ಟು ತೆಳು ಮಾಡಿ ಇಡೀ ಗಾಡಿಗೆ ಒಂದೇ ಒಂದು ಕೋಟ್ ಹೊಡೀತೀನಿ. ತಗಡು ಮುಚ್ಚಿತು, ಗಡುವಿನ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಹಾಳೆ ಹೇಳಿದ ಕನಿಷ್ಠ ಹೊತ್ತು ಬಿಟ್ಟು ಅವತ್ತೇ, ಇಲ್ಲ ಮಾರನೇ ಬೆಳಿಗ್ಗೆ ಪಿಯು. ಮಧ್ಯೆ ಉಜ್ಜೋ ಕೆಲಸ ಇಲ್ಲ. ಉಳಿದ ಎಪಾಕ್ಸಿ ಇಲ್ಲ, ಪಿಯು ನೇರ ಹೊಡೀತೀನಿ ಅನ್ನೋದಾದ್ರೆ 320 ಸಾಲದು, ಗೀರು ಕಾಣುತ್ತೆ. 400, 500ರವರೆಗೆ ಹೋಗಿ.

ಹವೆಯ ಬಗ್ಗೆ ಒಂದು ಲೆಕ್ಕ ಬರೆದಿಟ್ಕೊಳ್ಳಿ. ತಗಡಿನ ಬಿಸಿ ಇಬ್ಬನಿ ಕಟ್ಟೋ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿ 20 ಡಿಗ್ರಿ, ತೇವ ನೂರಕ್ಕೆ 90 ಇದ್ರೆ ಇಬ್ಬನಿ ಕಟ್ಟೋದು 18ರ ಮೇಲೆ. ಅಂದ್ರೆ ತಗಡು 21 ದಾಟಿರಬೇಕು, ರಾತ್ರಿಯೆಲ್ಲ ಥಂಡಿ ಹೀರಿದ ಕಬ್ಬಿಣ ಎಲ್ಲಿ ದಾಟುತ್ತೆ? ಅದೇ 26 ಡಿಗ್ರಿ, ತೇವ 60 ಇದ್ರೆ ಇಬ್ಬನಿ ಮಟ್ಟ 17.6. ಆರಾಮಾಗಿ ಹೊಡೀಬಹುದು. ಮೀಟರ್ ಇಲ್ಲ ಅಂದ್ರೆ ಒದ್ದೆ ಬಟ್ಟೆಯಲ್ಲಿ ಬಾನೆಟ್ ಮೇಲೆ ಒಂದು ಪಟ್ಟಿ ಎಳೀರಿ. ಕಾಲು ಗಂಟೆಯೊಳಗೆ ಆರಿ ಹೋದ್ರೆ ಸರಿ. ಇಲ್ಲ ಅಂದ್ರೆ ಗನ್ ತೊಳೆದಿಟ್ಟು ಕಾಫಿ ಕುಡೀರಿ. ನಿಮ್ಮಲ್ಲಿ ಬೆಳಿಗ್ಗೆ ಹನ್ನೊಂದರಿಂದ ಮೂರು, ಅದಕ್ಕಿಂತ ಜಾಸ್ತಿ ಹೊತ್ತು ಸಿಗಲ್ಲ. ಕಂಪ್ರೆಸರ್ ಟ್ಯಾಂಕಿನ ಅಡಿಯ ಬಿರಡೆ ತೆಗೆದು ನೀರು ಬಿಡಿ, ಅರ್ಧ ಗಂಟೆಗೊಮ್ಮೆ.

ಪಿಯು ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತೆ. ಕರ್ಚೀಫು, ಕೊರೋನಾ ಕಾಲದ ಮಾಸ್ಕು ಎಲ್ಲ ನಡೆಯಲ್ಲ. ಹೊರಗಿನ ಗಾಳಿ ಕೊಳವೆಯಲ್ಲಿ ಬರೋ ಮಾಸ್ಕೇ ಸರಿಯಾದದ್ದು, ಅದು ಸಿಗಲ್ಲ ಅಂದ್ರೆ ಆ ಒಂದು ಕೋಟನ್ನ ಅಂಥದ್ದು ಇರೋ ಕಡೆ ಹೊಡೆಸಿ. ನನ್ನ ಜೊತೆ ಕೆಲಸ ಕಲಿತವನೊಬ್ಬ ಈಗ ಪಿಯು ಡಬ್ಬಿ ತೆಗೆದ ಕೋಣೆಗೆ ಕಾಲಿಟ್ರೆ ಎದೆ ಕಟ್ಟುತ್ತೆ, ಕೆಲಸ ಬಿಟ್ಟು ಟೀ ಅಂಗಡಿ ಇಟ್ಟಿದ್ದಾನೆ.


ವಿರಾಜಪೇಟೆ ಹಳೇ ಗಾಡಿ, ಅಕ್ಟೋಬರ್ 11, ಬೆಳಿಗ್ಗೆ 7:30

ಚಾಸಿಯನ್ನು ಯಾರು ಬಗ್ಗಿ ನೋಡ್ತಾರೆ ಅಂದ್ರಲ್ಲ, ನಾನೇ ಬಗ್ಗಿ ನೋಡಿದೆ, ಸ್ವಲ್ಪ ಸಿಟ್ಟಿನಲ್ಲೇ. ಬಣ್ಣ ಗಟ್ಟಿಯಾಗಿಯೇ ಉಂಟು. ಉಜ್ಜಲೇಬೇಕು ಅನ್ನೋದು ಪೇಂಟರ್‌ಗಳು ಕೂಲಿ ಏರಿಸಲಿಕ್ಕೆ ಹೇಳೋದು ಅಂತ ಈಗಲೂ ನನ್ನ ಅನಿಸಿಕೆ.


ಕುಶಾಲನಗರ ಪೇಂಟರ್, ಅಕ್ಟೋಬರ್ 11, ಬೆಳಿಗ್ಗೆ 9:10

ಸಿಟ್ಟಾಗಬೇಡಿ ಸಾರ್. ಒಂದು ಹೊಸ ಬ್ಲೇಡು ತಗೊಳ್ಳಿ. ಚಾಸಿಯ ಮಟ್ಟಸ ಜಾಗದಲ್ಲಿ ಎರಡು ಮಿಲಿಮೀಟರ್ ಅಂತರಕ್ಕೆ ಆರು ಗೆರೆ, ಅದಕ್ಕೆ ಅಡ್ಡ ಆರು ಗೆರೆ, ಬಣ್ಣದ ಕೆಳಗಿನವರೆಗೆ ಇಳಿಯೋ ಹಾಗೆ ಕೊಯ್ಯಿರಿ. ರಟ್ಟಿನ ಪೆಟ್ಟಿಗೆಗೆ ಅಂಟಿಸೋ ಕಂದು ಟೇಪು ಗಟ್ಟಿಯಾಗಿ ಒತ್ತಿ, ಒಂದೇ ಸಲಕ್ಕೆ ಎಳೀರಿ. ಚೌಕಗಳು ಅಲ್ಲೇ ಉಳಿದ್ರೆ ಮುಂದಿನ ಸಲ ಕುಶಾಲನಗರಕ್ಕೆ ಬಂದಾಗ ಬಿರಿಯಾನಿ ನನ್ನದು.


ವಿರಾಜಪೇಟೆ ಹಳೇ ಗಾಡಿ, ಅಕ್ಟೋಬರ್ 11, ಸಂಜೆ 6:45

ಟೇಪಿಗೆ ಬಂದದ್ದು ಕಪ್ಪು ಚೌಕಗಳು, ಹದಿನಾರೋ ಹದಿನೇಳೋ. ಕೆಳಗೆ ಬೂದಿ ಎಪಾಕ್ಸಿ ಹೊಳೀತಾ ಉಂಟು, ಹೊಸದರ ಹಾಗೆ. ಬಿರಿಯಾನಿ ನನ್ನದು.


ನಾಪೋಕ್ಲು ಜೀಪು, ನವೆಂಬರ್ 24, ರಾತ್ರಿ 9:15

ಬಾಕಿ ಇದ್ದ ಸುದ್ದಿ.

ಸಂಕ್ರಮಣಕ್ಕೆ ಬೂದಿ ಬಣ್ಣದಲ್ಲೇ ಹೋದೆವು. ಭಾಗಮಂಡಲದಲ್ಲಿ ಸಂಬಂಧಿಕರೊಬ್ಬರು, ಏನು, ದುಬಾರೆಯಿಂದ ಆನೆ ಹಿಡ್ಕೊಂಡು ಬಂದ್ರಾ ಅಂದ್ರು. ಅಪ್ಪನಿಗೆ ಬೇಜಾರಾಗ್ತದೋ ಅಂತ ನೋಡಿದೆ, ಅವರು ಅವತ್ತಿಂದ ಜೀಪನ್ನು ಆನೆ ಅಂತಲೇ ಕರೀತಿದ್ದಾರೆ. ಮೇಲಿನ 8 ಕಿಲೋಮೀಟರ್ ಪೂರ್ತಿ ಮಂಜು. ಇಳಿದು ನೋಡಿದ್ರೆ ಬಾನೆಟ್ ಮೇಲೆ ನೀರು ಹನಿ ಹನಿ ನಿಂತಿತ್ತು, ಒಳಗೆ ಇಳಿದಿರಲಿಲ್ಲ.

ಬಂದ ಮೇಲೆ ಪೂರ್ತಿ ತೊಳೆಯಲಿಕ್ಕೆ ಒಂದು ದಿನ, ಪುಟ್ಟಿಗೆ ಎರಡು ದಿನ, ಉಜ್ಜಲಿಕ್ಕೆ ನಾಲ್ಕು ದಿನ. ಗ್ರಿಲ್ಲಿನ ಸೀಳುಗಳಿಗೇ ಒಂದು ಮಧ್ಯಾಹ್ನ ಹೋಯ್ತು, ಬೆರಳಿನ ಗೆಣ್ಣು ಸುಲಿದು ಹೋಯ್ತು. ಟಾರ್ಚ್ ಹಿಡಿದಾಗ ಎಡ ಮಡ್‌ಗಾರ್ಡಿನ ಸಂದಿಯಲ್ಲಿ ಒಂದು ಗೇಣು ಮಿಣ ಮಿಣ. ಬಿಟ್ಟುಬಿಡುವ ಅನ್ನಿಸಿತು, ವಿರಾಜಪೇಟೆಯವರ ಕಪ್ಪು ಚೌಕ ನೆನಪಾಗಿ ಮತ್ತೆ ಪ್ಯಾಡ್ ತುರುಕಿದೆ.

ಮೂರು ಸಲ ಒದ್ದೆ ಪಟ್ಟಿ ಎಳೆದು ಮೂರು ಸಲ ವಾಪಸು ಬಂದೆ. ಒಂದು ದಿನ ಇಪ್ಪತ್ತೈದು ನಿಮಿಷ ಆದ್ರೂ ಆರಲಿಲ್ಲ, ಬಿಸಿಲು ಕಣ್ಣಿಗೆ ಹೊಡೀತಿತ್ತು, ತಗಡು ಮಾತ್ರ ತಣ್ಣಗೆ. ನವೆಂಬರ್ 13ಕ್ಕೆ ಒಂಬತ್ತು ನಿಮಿಷದಲ್ಲಿ ಆರಿತು. ಹನ್ನೊಂದೂವರೆಗೆ ತೆಳು ಎಪಾಕ್ಸಿ ಕೋಟ್ ಹೊಡೆದೆ. ಪಿಯು ನಾನು ಹೊಡೀಲಿಲ್ಲ. ಕೊಳವೆಯ ಮಾಸ್ಕು ಇರುವ ಒಬ್ಬರನ್ನು ಮಾರನೇ ಬೆಳಿಗ್ಗೆಗೆ ಮೊದಲೇ ಗೊತ್ತು ಮಾಡಿದ್ದೆ, ಅವರು ಬಂದು ಹೊಡೆದು ಹೋದ್ರು. ನಾನು ಮನೆ ಜಗಲಿಯಿಂದ ನೋಡಿದ್ದು.

ಒಂಬತ್ತು ದಿನ ಬಿಟ್ಟು ನಿನ್ನೆ ಸೀಟಿನ ಅಡಿಯಲ್ಲಿ ಬ್ಲೇಡು, ಟೇಪು ಪ್ರಯೋಗ ಮಾಡಿದೆ. ಒಂದೂ ಬರಲಿಲ್ಲ. ಟೇಪಿನ ಅಂಟು ಬಣ್ಣದ ಮೇಲೆ ಉಳಿದಿದೆ, ಅದನ್ನು ತೆಗೆಯೋದು ಹೇಗೆ ಅಂತ ಇನ್ನೊಂದು ಪ್ರಶ್ನೆ.

ಮತ್ತೆ ಪಿಯು ಹಾರ್ಡ್‌ನರ್ ಉಳಿದದ್ದು ಕಾಲು ಡಬ್ಬಿ ಇತ್ತು, ಮುಚ್ಚಳ ಸಡಿಲ ಇತ್ತೋ ಏನೋ, ಇವತ್ತು ನೋಡಿದ್ರೆ ಗಂಜಿ ಆರಿದ ಹಾಗೆ ಹೆಪ್ಪುಗಟ್ಟಿದೆ. ಡಿಸೆಂಬರಿನಲ್ಲಿ ಕಾಫಿ ಕುಯ್ಲು ಶುರುವಾದ್ರೆ ಗೀರು ಬೀಳದೆ ಇರೋದಿಲ್ಲ, ಟಚಪ್ಪಿಗೆ ಬೇರೆ ತರಬೇಕು ಅಲ್ವಾ ಅಣ್ಣಾ?


ಕುಶಾಲನಗರ ಪೇಂಟರ್, ನವೆಂಬರ್ 25, ಬೆಳಿಗ್ಗೆ 6:05

ಹೌದು, ಆ ಹಾರ್ಡ್‌ನರ್ ಹೋಯ್ತು, ಗಾಳಿಯ ತೇವ ಕುಡಿದುಬಿಟ್ಟಿದೆ. ಚಿಕ್ಕ ಡಬ್ಬಿ ತನ್ನಿ, ಬೇಕಾದಷ್ಟು ತೆಗೆದ ತಕ್ಷಣ ಮುಚ್ಚಳದ ಅಂಚು ಒರೆಸಿ ಬಿಗಿ ಮಾಡಿ. ಟೇಪಿನ ಅಂಟಿಗೆ ಗ್ರೀಸ್ ತೆಗೆಯೋ ದ್ರವಾನೇ ಸಾಕು. ತಿನ್ನರ್ ಬೇಡ, ಇನ್ನೂ ಎಳೇ ಬಣ್ಣ.

ಆನೆಗೆ ಹಸಿರು ಬಳಿದ ಮೇಲೆ ಅಪ್ಪ ಏನಂತ ಕರೀತಾರೆ?


ನಾಪೋಕ್ಲು ಜೀಪು, ನವೆಂಬರ್ 25, ಬೆಳಿಗ್ಗೆ 8:20

ಆನೆ ಅಂತಲೇ.